ಜೂರಾ ಎಜೆಯ ನಲವತ್ತೊಂದು ಕಾಳು

ಜೂರಾ ಎಜೆಯ ಮನೆಗೆ ಎರಡು ಬಗೆಯ ಜನ ಬರುತ್ತಾರೆ. ಕಳೆದುಹೋದ ಹಸು ಎಲ್ಲಿದೆ, ರಷ್ಯಾಕ್ಕೆ ದುಡಿಯಲು ಹೋದ ಗಂಡ ಯಾವಾಗ ಬರುತ್ತಾನೆ ಎಂದು ಕೇಳುವವರು ಒಂದು ಬಗೆ. ವಿದೇಶದ ಬಿಸಿನೆಸ್ ಸ್ಕೂಲಿನಲ್ಲಿ ಸೀಟು ಸಿಕ್ಕೀತೇ ಎಂದು ಕೇಳುವವರು ಇನ್ನೊಂದು ಬಗೆ. ಮೊದಲನೆಯವರಿಗೆ ಚಹಾ ಕೊಟ್ಟು, ನಾನು ಕಣಿ ಹೇಳುವವಳಲ್ಲ, ಎದುರು ಬ್ಲಾಕಿನ ಮೂರನೇ ಮಹಡಿಗೆ ಹೋಗಿ ಎಂದು ಕಳಿಸಿಕೊಡುತ್ತಾರೆ. ಎರಡನೆಯವರಿಗೂ ಚಹಾ ಉಂಟು, ಆದರೆ ಬಟ್ಟಲು ಬಾಯಿಗೆ ಹೋಗುವ ಮೊದಲೇ ಪ್ರಶ್ನೆಗಳು ಶುರುವಾಗುತ್ತವೆ. ಎಜೆ ಎಂದರೆ ಅಕ್ಕ; ಹಾಗೆ ಕರೆಸಿಕೊಳ್ಳುವ ವಯಸ್ಸು ದಾಟಿ ಬಹಳ ವರ್ಷವಾಗಿದ್ದರೂ ಬಿಷ್ಕೆಕ್‌ನ ನಮ್ಮ ಬಡಾವಣೆಯಲ್ಲಿ ಎಲ್ಲರಿಗೂ ಅವರು ಎಜೆಯೇ.

ತಪ್ಪು ತಿಳಿದು ಬಂದವರನ್ನು ದೂರುವಂತಿಲ್ಲ. ಎಜೆಯ ಅಡುಗೆಮನೆಯ ಮೇಜಿನ ಮೇಲೆ ಒಂದು ಬಟ್ಟೆಯ ಚೀಲವಿದೆ, ಅದರಲ್ಲಿ ಎಣಿಸಿ ನಲವತ್ತೊಂದು ಬಿಳಿ ಬೀನ್ಸ್ ಕಾಳು. ಕಣಿಯವರು ಇಟ್ಟುಕೊಳ್ಳುವುದೂ ಅಷ್ಟೇ. ನೂರು ಇಟ್ಟುಕೊಂಡರೆ ಲೆಕ್ಕಕ್ಕೆ ಸುಲಭವಲ್ಲವೇ ಎಂದು ನಾನೊಮ್ಮೆ ಕೇಳಿದ್ದೆ. ನೂರು ಸುರಿದರೆ ನಮ್ಮ ಜನ ಸಾರು ಮಾಡಲು ಅಂದುಕೊಳ್ಳುತ್ತಾರೆ, ನಲವತ್ತೊಂದು ಸುರಿದರೆ ಮಾತು ನಿಲ್ಲಿಸಿ ಕೂರುತ್ತಾರೆ, ನನಗೆ ಬೇಕಾದದ್ದು ಅದು ಎಂದಿದ್ದರು.

ಅವರ ಕೆಲಸದ ಕ್ರಮ ಹೀಗೆ. ನಿನ್ನಂಥವರು ನಲವತ್ತೊಂದು ಜನ ಅಂದುಕೊ ಎನ್ನುತ್ತಾರೆ. ಜಿಮ್ಯಾಟ್ ಪರೀಕ್ಷೆಯ ಅಂಕ, ಎಷ್ಟು ವರ್ಷದ ಕೆಲಸ, ಎಂಥ ಕಂಪನಿ, ಯಾವ ಶಾಲೆಗಳು ಎಂದು ಕೇಳುತ್ತಾರೆ. ಆಮೇಲೆ ಹಸಿರು ರಟ್ಟಿನ ದಪ್ಪ ಪುಸ್ತಕ ತೆರೆದು, ಹನ್ನೊಂದು ವರ್ಷಗಳಿಂದ ತಮ್ಮ ಬಳಿಗೆ ಬಂದವರಲ್ಲಿ ನಿಮ್ಮನ್ನು ಹೋಲುವವರನ್ನು ಹುಡುಕುತ್ತಾರೆ. ಅವರಲ್ಲಿ ಎಷ್ಟು ಪಾಲಿಗೆ ಸೀಟು ಸಿಕ್ಕಿತೋ ಅಷ್ಟು ಪಾಲು ಕಾಳುಗಳನ್ನು ನಿಮ್ಮ ಕಡೆಗೆ ತಳ್ಳಿ, ಉಳಿದದ್ದನ್ನು ತಮ್ಮ ಕಡೆಗೆ ಎಳೆದುಕೊಳ್ಳುತ್ತಾರೆ. ಇದಕ್ಕೆ ಶುಲ್ಕ ಇಲ್ಲ. ಒಂದೇ ಷರತ್ತು, ಫಲಿತಾಂಶ ಬಂದ ಮೇಲೆ ಬಂದು ಹೇಳಬೇಕು.

ಡಿಸೆಂಬರಿನ ಕೊನೆಯ ವಾರ, ಸೋಮವಾರ, ಮಗಳನ್ನು ಹಿಮಗಾಡಿಯ ಮೇಲೆ ಕೂರಿಸಿ ಎಳೆದುಕೊಂಡು ನಾನೂ ಹೋದೆ. ಸೆಜಿಮ್‌ಗೆ ಆಗ ಹತ್ತು ತಿಂಗಳು, ಮೇಲಿನ ಹಲ್ಲು ಬರುತ್ತಿತ್ತು. ನನ್ನ ಹೆರಿಗೆ ರಜೆ ಇನ್ನೂ ಮುಗಿದಿರಲಿಲ್ಲ. ನಾನು ಬೀನ್ಸ್ ಕಾಳನ್ನು ಹೊರದೇಶಕ್ಕೆ ಕಳಿಸುವ ಕಂಪನಿಯಲ್ಲಿ ಐದು ವರ್ಷದಿಂದ ಲಾರಿಗಳ ಮತ್ತು ಕಾಗದಪತ್ರಗಳ ಉಸ್ತುವಾರಿ ನೋಡುತ್ತಿದ್ದೆ. ಜಿಮ್ಯಾಟ್‌ನಲ್ಲಿ ಆರುನೂರ ನಲವತ್ತೈದು. ಮೂರು ಶಾಲೆಗಳಿಗೆ ಅರ್ಜಿ ಬರೆದಿಟ್ಟಿದ್ದೆ, ಎರಡು ಸ್ಪೇನಿನಲ್ಲಿ, ಒಂದು ಫ್ರಾನ್ಸಿನಲ್ಲಿ. ಜನವರಿ ಮೊದಲ ವಾರ ಕಳಿಸಬೇಕು. ಇದರ ನಡುವೆ ನಮ್ಮ ನಿರ್ದೇಶಕ ಮಕ್ಸಾತ್ ಬೈಕೆ ಒಂದು ಮಾತು ತಂದಿದ್ದರು. ಬೆಟ್ಟದಾಚೆ ತಲಾಸ್‌ನ ಹೊಸ ಗೋದಾಮಿಗೆ ಮುಖ್ಯಸ್ಥೆಯಾಗಿ ಹೋಗುತ್ತೀಯಾ, ಹೋದರೆ ಎರಡು ವರ್ಷ ಬಿಡುವಂತಿಲ್ಲ, ಶುಕ್ರವಾರ ಮಧ್ಯಾಹ್ನ ಹನ್ನೆರಡರೊಳಗೆ ಉತ್ತರ ಬೇಕು, ಇಲ್ಲವಾದರೆ ಇನ್ನೊಬ್ಬರನ್ನು ಕಳಿಸುತ್ತೇನೆ. ಎರಡು ದೋಣಿಯಲ್ಲಿ ಕಾಲಿಡುವುದು ಅವರಿಗೂ ಆಗದು, ನನಗೂ ಆಗದು. ನನ್ನ ಸಾಧ್ಯತೆ ಎಷ್ಟು ಎಂದು ಸರಿಯಾಗಿ ತಿಳಿಯದೆ ಉತ್ತರ ಕೊಡುವುದು ಹೇಗೆ?

ಎಜೆ ಎಲ್ಲ ಕೇಳಿ ಬರೆದುಕೊಂಡರು. ಮಗು ಇರುವುದನ್ನು ಬರೆದುಕೊಳ್ಳಲಿಲ್ಲವಲ್ಲ ಎಂದೆ.

"ಅವರೇನು ಸೊಸೆ ಹುಡುಕ್ತಾ ಇದಾರಾ? ಅವರಿಗೂ ಬೇಡ, ನಂಗೂ ಬೇಡ. ಬಾಯಿಗೆ ಹಾಕ್ಕೋತಾಳೆ ನೋಡು, ಆ ಕಾಳು ತೆಗಿ."

ಸೆಜಿಮ್‌ಳ ಮುಷ್ಟಿಯಿಂದ ಕಾಳು ಬಿಡಿಸಿಕೊಂಡು ಮೇಜಿನ ಮೇಲಿಟ್ಟೆ. ಎಜೆ ಪುಸ್ತಕದಲ್ಲಿ ಬೆರಳಾಡಿಸುತ್ತ ತುಟಿಯೊಳಗೇ ಎಣಿಸಿದರು. ಆಮೇಲೆ ಕಾಳುಗಳನ್ನು ನನ್ನ ಕಡೆಗೆ ಸರಿಸತೊಡಗಿದರು. ಹತ್ತು ದಾಟಿತು, ಹದಿನೈದು ದಾಟಿತು. ಹದಿನೇಳಕ್ಕೆ ಕೈ ನಿಂತಿತು.

"ಚೆನ್ನಾಗಿದೆ ಕಣೇ ಚೋಲ್ಪೋನ್. ಹದಿನೈದರ ಮೇಲಿದ್ರೆ ನಾನು ಕಳಿಸು ಅಂತೀನಿ."

ಮನೆಗೆ ಬರುವ ದಾರಿಯುದ್ದಕ್ಕೂ ಹದಿನೇಳು, ಹದಿನೇಳು ಎನ್ನುತ್ತಲೇ ಗಾಡಿ ಎಳೆದೆ. ಗಂಡ ಉಲಾನ್ ನಗರದ ಶಾಖಸ್ಥಾವರದಲ್ಲಿ ಎಲೆಕ್ಟ್ರಿಶಿಯನ್, ಅಳೆದು ಮಾತಾಡುವವನು. ಇಪ್ಪತ್ತನಾಲ್ಕು ಆ ಕಡೆ ಇದೆಯಲ್ಲ ಎಂದ. ಆಮೇಲೆ ತಾನೇ, ಸ್ಪೇನಿನಲ್ಲೂ ತಂತಿಯಲ್ಲಿ ಹರಿಯುವುದು ಕರೆಂಟೇ ತಾನೆ ಎಂದು ಮಗುವನ್ನು ಎತ್ತಿಕೊಂಡ. ನಮ್ಮತ್ತೆಯದು ಬೇರೆ ರೀತಿ. ಓದಿದವಳಾಗಿ ಕಾಳಿನವಳ ಹತ್ತಿರ ಹೋಗಿದ್ದೀಯಾ ಎಂದು ಬೆಳಿಗ್ಗೆ ಹಂಗಿಸಿದ್ದವರು, ಹದಿನೇಳು ಎಂದ ಕೂಡಲೇ ಫೋನು ಹಿಡಿದು ತಮ್ಮ ತಂಗಿಗೆ, ನಮ್ಮ ಸೊಸೆ ಸ್ಪೇನಿಗೆ ಹೊರಟಳು ಎಂದು ಹೇಳಿಯೇಬಿಟ್ಟರು. ಅದು ಆ ಕಾಳಲ್ಲ, ಲೆಕ್ಕದ ಕಾಳು ಎಂದು ಬಿಡಿಸಿ ಹೇಳಹೋದೆ.

"ಓದಿದೋರಿಗೊಂದು ಕಾಳು, ನಮಗೊಂದು ಕಾಳು ಅಂತ ಇದ್ಯಾ? ಕಾಳು ಕಾಳೇ," ಎಂದರು.

ತಲಾಸ್‌ಗೆ ಹೋಗುವುದಿಲ್ಲ ಎಂದು ಮರುದಿನವೇ ಹೇಳಿಬಿಡಬೇಕೆಂದಿದ್ದೆ. ಮಕ್ಸಾತ್ ಬೈಕೆ ಗುರುವಾರದವರೆಗೆ ಊರಲ್ಲಿರಲಿಲ್ಲ. ಇಂಥ ಮಾತನ್ನು ಫೋನಿನಲ್ಲಿ ಹೇಳುವುದು ಸರಿಯಲ್ಲವೆಂದು ಸುಮ್ಮನಾದೆ. ಅಷ್ಟರಿಂದ ನಾನು ಉಳಿದೆ.

ಎಜೆಯ ಕಣ್ಣು ಮಂಜಾಗುತ್ತಿದೆ, ಪುಸ್ತಕದ ಸಣ್ಣ ಅಕ್ಷರ ಕಾಣುವುದಿಲ್ಲ ಎಂದು ಹೇಳಿಕೊಂಡಿದ್ದರು. ಲೆಕ್ಕ ಹಾಕಿಕೊಟ್ಟದ್ದಕ್ಕೆ ಪ್ರತಿಯಾಗಿ ಅದನ್ನೆಲ್ಲ ಕಂಪ್ಯೂಟರಿಗೆ ಏರಿಸಿ ದೊಡ್ಡ ಅಕ್ಷರದಲ್ಲಿ ಮುದ್ರಿಸಿ ಕೊಡುತ್ತೇನೆಂದು ಪುಸ್ತಕ ತಂದಿದ್ದೆ. ಮಂಗಳವಾರ ಸೆಜಿಮ್ ಮಲಗಿದ ಮೇಲೆ ಕೂತೆ. ಒಟ್ಟು ನೂರ ನಲವತ್ತಮೂರು ಹೆಸರು. ಕೊನೆಯ ಅಂಕಣದಲ್ಲಿ ಸಿಕ್ಕಿತು ಅಥವಾ ಇಲ್ಲ. ಅಲ್ಲಲ್ಲಿ ಖಾಲಿ. ಖಾಲಿ ಇದ್ದ ಕಡೆ ನಾನೂ ಖಾಲಿ ಬಿಡುತ್ತ ಹೋದೆ, ನಡುವೆ ಗಂಜಿ ಕಲಕಿ ಬಂದೆ. ತೊಂಬತ್ತನೆಯ ಹೆಸರಿನ ಆಸುಪಾಸಿನಲ್ಲಿ ಬಾಕ್ತಿಗುಲ್ ಬಂದಳು. ಫಲಿತಾಂಶದ ಅಂಕಣ ಖಾಲಿ.

ಬಾಕ್ತಿಗುಲ್ ನನ್ನ ಪಕ್ಕದ ಮೇಜಿನವಳು. ಎರಡು ವರ್ಷದ ಹಿಂದೆ ಮೂರು ಶಾಲೆಗಳೂ ಅವಳನ್ನು ತಿರಸ್ಕರಿಸಿದ್ದವು. ಮಾದರಿ ಚೀಲಗಳನ್ನಿಡುವ ಕೋಣೆಯಲ್ಲಿ ನಿಂತು ಅತ್ತು, ಯಾರಿಗೂ ಹೇಳಕೂಡದೆಂದು ನನ್ನಿಂದ ಆಣೆ ಹಾಕಿಸಿಕೊಂಡಿದ್ದಳು. ನಾನು ಯಾರಿಗೂ ಹೇಳಿರಲಿಲ್ಲ. ಅವಳು ಎಜೆಗೂ ಹೇಳಿರಲಿಲ್ಲ.

ಬೆರಳು ಕೀಲಿಯ ಮೇಲೆ ಹಾಗೇ ನಿಂತಿತು. ಮೇಲಿನಿಂದ ಕೆಳಗಿನವರೆಗೆ ಖಾಲಿ ಜಾಗಗಳನ್ನು ಎಣಿಸಿದೆ. ಅರವತ್ತೊಂದು. ನನ್ನನ್ನು ಹೋಲುವವರೆಂದು ಎಜೆ ಗುರುತು ಹಾಕಿದ್ದವರು ಮೂವತ್ತೊಂದು ಜನ. ಅದರಲ್ಲಿ ಫಲಿತಾಂಶ ಇದ್ದದ್ದು ಹದಿನೇಳು ಜನಕ್ಕೆ, ಸೀಟು ಸಿಕ್ಕಿದ್ದು ಏಳು ಜನಕ್ಕೆ. ಎಜೆಯ ಲೆಕ್ಕ ಬಂದದ್ದು ಆ ಹದಿನೇಳರಿಂದ. ಉಳಿದ ಹದಿನಾಲ್ಕು ಜನ ಎಲ್ಲಿ?

ನಮ್ಮಲ್ಲಿ ಒಳ್ಳೆಯ ಸುದ್ದಿ ತಂದವರು ಬಾಗಿಲಲ್ಲೇ ನಿಂತು ಸುಯುಂಚು, ಸುಯುಂಚು ಎನ್ನುತ್ತಾರೆ. ಕೇಳುವವರು ಸ್ಕಾರ್ಫೋ ಚಾಕೊಲೇಟೋ ಏನಾದರೊಂದು ಕೈಗಿಟ್ಟ ಮೇಲೆಯೇ ಸುದ್ದಿ ಹೊರಬೀಳುವುದು. ಎಜೆಯ ಕಪಾಟಿನ ಕೆಳಖಾನೆಯಲ್ಲಿ ಅದಕ್ಕೆಂದೇ ಹೆಣೆದಿಟ್ಟ ಕಾಲುಚೀಲಗಳಿರುತ್ತವೆ. ಕೆಟ್ಟ ಸುದ್ದಿಗೆ ನಮ್ಮಲ್ಲಿ ಕೂಗೂ ಇಲ್ಲ, ಉಡುಗೊರೆಯೂ ಇಲ್ಲ. ಸಾವನ್ನೇ ಸುತ್ತುಬಳಸಿ ಹೇಳುವ ಜನ ನಾವು, ಸೀಟು ಸಿಗಲಿಲ್ಲ ಎಂದು ಹೇಳಲು ಐದು ಮಹಡಿ ಹತ್ತಿ ಯಾರು ಹೋಗುತ್ತಾರೆ?

ಸುಮ್ಮನಿದ್ದುಬಿಡಬಹುದಿತ್ತು. ಪುಸ್ತಕ ಎಜೆಯದು, ಲೆಕ್ಕ ಎಜೆಯದು, ಹದಿನೇಳು ಎಂದವರು ಅವರು. ಮಗುವಿನ ಬಟ್ಟೆ ಒಗೆಯುತ್ತ ಇದನ್ನೇ ಮತ್ತೆ ಮತ್ತೆ ಹೇಳಿಕೊಂಡೆ. ನೀರು ಹಿಂಡುವಾಗ ಮಾತ್ರ ತಿಳಿಯಿತು, ನಾನು ಹಿಂಡುತ್ತಿದ್ದದ್ದು ಆಗಲೇ ಹಿಂಡಿದ್ದ ಬಟ್ಟೆ. ಆ ದಿನದ ದಿನಚರಿಯಲ್ಲಿ ಬರೆದದ್ದು ಒಂದೇ ಸಾಲು: ಹೇಳಿದರೆ ನನ್ನ ಕಾಳು ಕಡಿಮೆಯಾಗುತ್ತದೆ.

ಬುಧವಾರ ಬೆಳಿಗ್ಗೆ ಹೋಗಿ ಹೇಳಿದೆ. ಬಾಕ್ತಿಗುಲ್ ಹೆಸರೆತ್ತಲಿಲ್ಲ. ಖಾಲಿ ಬಿಟ್ಟವರಲ್ಲಿ ಒಬ್ಬರಿಗೆ ಸಿಗಲಿಲ್ಲ ಎಂದು ನನಗೆ ಗೊತ್ತು ಎಂದಷ್ಟೇ ಹೇಳಿ, ಖಾಲಿ ಜಾಗಗಳ ಎಣಿಕೆ ಬರೆದ ಹಾಳೆಯನ್ನು ಮುಂದಿಟ್ಟೆ.

ಆ ಹಾಳೆ ಎಜೆಗೆ ಎಲ್ಲಿ ತಾಗಿತು ಎಂಬುದು ಅರ್ಥವಾಗಬೇಕಾದರೆ ಅವರು ಏನಾಗಿದ್ದರು ಎಂಬುದು ಗೊತ್ತಿರಬೇಕು. ನಾರಿನ್ ಕಡೆಯ ಕುರಿಗಾಹಿ ಮನೆತನದ ಹುಡುಗಿ, ಹದಿನೇಳನೆಯ ವಯಸ್ಸಿಗೆ ಬಿಷ್ಕೆಕ್‌ಗೆ ಬಂದು ಉಣ್ಣೆ ಗಿರಣಿ ಸೇರಿದವರು. ಎಣ್ಣೆ ಮೆತ್ತಿದ ಯಂತ್ರದ ಮುಂದೆ ನಾಲ್ಕು ವರ್ಷ ನಿಂತು, ಸಂಜೆ ತರಗತಿಯಲ್ಲಿ ಲೆಕ್ಕಶಾಸ್ತ್ರ ಓದಿ, ಕೊನೆಗೆ ಮಾಲು ಒಪ್ಪಿಕೊಳ್ಳುವ ಮೇಜಿಗೆ ಬಂದರು. ಲಾರಿಯಲ್ಲಿ ಬಂದ ಉಣ್ಣೆ ಮೂಟೆಗಳಿಂದ ಹಿಡಿ ಹಿಡಿ ತೆಗೆದು ನೋಡಿ, ಒಪ್ಪಿಗೆ ಅಥವಾ ವಾಪಸು ಎಂದು ಮುದ್ರೆ ಒತ್ತುವ ಕೆಲಸ. ಇಪ್ಪತ್ತೆರಡು ವರ್ಷ. ಫಾರ್ಮುಗಳ ದೊಡ್ಡ ಮನುಷ್ಯರು ಬೆಣ್ಣೆ ಡಬ್ಬಿ ಹಿಡಿದು ಬಂದರೂ ಮುದ್ರೆ ಅಲುಗುತ್ತಿರಲಿಲ್ಲವಂತೆ. ಗಿರಣಿ ಮುಚ್ಚಿದ ಮೇಲೆ ಆರು ಚಳಿಗಾಲ ದೊರ್ದೊಯ್ ಸಂತೆಯಲ್ಲಿ ನೂಲಿನುಂಡೆ ಮಾರಿದರು. ಅದೇ ದುಡಿಮೆಯಲ್ಲಿ, ತೀರಿಕೊಂಡ ತಂಗಿಯ ಮಗಳು ಜಿಬೆಕ್‌ಳನ್ನು ಓದಿಸಿದರು. ಜಿಬೆಕ್ ವಿದೇಶದ ಬಿಸಿನೆಸ್ ಸ್ಕೂಲಿಗೆ ಅರ್ಜಿ ಹಾಕುತ್ತೇನೆಂದಾಗ, ಎಷ್ಟು ಜನಕ್ಕೆ ಎಷ್ಟು ಸೀಟು ಎಂಬ ಲೆಕ್ಕ ಕೇಳಿದರೆ ಊರಲ್ಲಿ ಯಾರೂ ಹೇಳಲಿಲ್ಲ. ಹಣ ಪಡೆದು ಅರ್ಜಿ ತಿದ್ದಿಕೊಡುವವರೆಲ್ಲ ಖಂಡಿತ ಸಿಗುತ್ತದೆ ಎಂದರು. ಖಂಡಿತ ಎಂಬ ಮಾತನ್ನು ಎಜೆ ಗಿರಣಿಯಲ್ಲಿ ಸಾಕಷ್ಟು ಕೇಳಿದ್ದರು. ಹಾಗೆ ಶುರುವಾದದ್ದು ಪುಸ್ತಕ. ಮೊದಲ ಪುಟದ ಮೊದಲ ಸಾಲು ಜಿಬೆಕ್‌ಳದು. ಮುಂದೆ: ಸಿಕ್ಕಿತು.

ಎಜೆ ಹಾಳೆಯ ಮೇಲೆ ಅಂಗೈ ಊರಿದರು.

"ಉಣ್ಣೆ ಕೊಡೋರು ಒಳ್ಳೇದನ್ನ ಮೂಟೆ ಮೇಲೆ ಇಡ್ತಾರೆ. ಕೈಯನ್ನ ಮೊಣಕೈ ತನಕ ಒಳಗೆ ಹಾಕಿ ತೆಗೀಬೇಕು ಅಂತ ಎಷ್ಟು ಹುಡುಗೀರಿಗೆ ಕಲಿಸಿದೀನಿ ನಾನು. ಹನ್ನೊಂದು ವರ್ಷ ಮೇಲಿಂದ ತೆಗೆದು ನೋಡ್ಕೊಂಡು ಕೂತಿದೀನಿ, ಚೋಲ್ಪೋನ್. ಮೇಲಿಂದ."

ನಾನೇನೋ ಸಮಾಧಾನ ಹೇಳಹೋದೆ. ಅವರು ಕೈ ಎತ್ತಿ ತಡೆದರು. ಶುಕ್ರವಾರ ಎಷ್ಟು ಗಂಟೆಗೆ ಎಂದು ಕೇಳಿದರು. ಹನ್ನೆರಡಕ್ಕೆ ಎಂದೆ. ಅರವತ್ತೊಂದು ಜನಕ್ಕೆ ಹೊತ್ತಿಲ್ಲ, ನಿನ್ನಂಥ ಹದಿನಾಲ್ಕು ಜನ ಮೊದಲು, ಸಿಕ್ಕಿತು ಎಂದ ಏಳು ಜನಕ್ಕೂ ಫೋನು ಮಾಡಬೇಕು ಎಂದರು. ಸಿಕ್ಕವರನ್ನು ಯಾಕೆ ಕೇಳಬೇಕೆಂದು ನನಗೆ ತಿಳಿಯಲಿಲ್ಲ. ಎಷ್ಟನೇ ಸಲಕ್ಕೆ ಸಿಕ್ಕಿತು ಅಂತ ನಾನು ಯಾರನ್ನೂ ಕೇಳಿಲ್ಲ ಎಂದರು.

ಮೊದಲ ಫೋನು ಜಿಬೆಕ್‌ಗೆ. ಅವಳೀಗ ಅಲ್ಮಾಟಿಯಲ್ಲಿ ದೊಡ್ಡ ಕೆಲಸದಲ್ಲಿದ್ದಾಳೆ. ಎಜೆ ಫೋನನ್ನು ಮೇಜಿನ ಮೇಲಿಟ್ಟು ಸ್ಪೀಕರ್ ಒತ್ತಿದರು, ಬರೆದುಕೊಳ್ಳುವವಳು ನಾನಾದ್ದರಿಂದ. ಹವೆ, ಆರೋಗ್ಯ, ಮಕ್ಕಳು, ಅತ್ತೆಯ ಮೊಣಕಾಲು ಎಲ್ಲ ಮುಗಿದ ಮೇಲೆ ನೇರವಾಗಿ ಕೇಳಿದರು. ಸೆಜಿಮ್ ಚಮಚ ಬಡಿಯುತ್ತಿದ್ದಳು, ಕಿತ್ತುಕೊಂಡೆ.

"ಮೂರನೇ ಸಲಕ್ಕೆ, ಎಜೆ," ಎಂದಳು ಜಿಬೆಕ್. "ಮೊದಲೆರಡು ವರ್ಷ ಅರ್ಜಿನೇ ಹಾಕಿಲ್ಲ ಅಂತ ನಿಮಗೆ ಹೇಳಿದ್ದೆ. ಹಾಕಿದ್ದೆ. ನೀವು ಆಗ ಚಳೀಲಿ ನಿಂತು ನೂಲು ಮಾರ್ತಾ ಇದ್ರಿ. ಆ ಮುಖ ನೋಡ್ಕೊಂಡು ಹೇಗೆ ಹೇಳ್ಲಿ?"

ಎಜೆ ಬೈಯಲಿಲ್ಲ. ಮೂರನೇ ಸಲಕ್ಕೆ ಮೊದಲು ಏನು ಬದಲಾಗಿತ್ತು ಎಂದಷ್ಟೇ ಕೇಳಿದರು. ಕಾರ್ಖಾನೆಯಲ್ಲಿ ಒಂದು ಪಾಳಿಯನ್ನು ಪೂರ್ತಿ ನನಗೆ ವಹಿಸಿದ್ದರು, ಮೂವತ್ತು ಜನರ ಮೇಲೆ ನಾನೊಬ್ಬಳೇ ಎಂದಳು ಜಿಬೆಕ್. ಬರಿ ಎಂದು ನನಗೆ ಕಣ್ಸನ್ನೆ ಮಾಡಿ, ಕೂಸಿಗೆ ಬೆಚ್ಚಗೆ ಹಾಕು ಎಂದು ಫೋನಿಟ್ಟರು. ಆಮೇಲೆ ಎದ್ದು ಹೋಗಿ, ತೊಳೆದಿಟ್ಟಿದ್ದ ಬಟ್ಟಲುಗಳನ್ನೇ ಮತ್ತೆ ತೊಳೆದು ಬಂದರು.

ಉಳಿದವರು ಅಷ್ಟು ಸುಲಭಕ್ಕೆ ಬಾಯಿ ಬಿಡಲಿಲ್ಲ. ಮೊದಲಿಬ್ಬರು, ಹಾ ಎಜೆ, ನೋಡಬೇಕು ಎಜೆ, ಆಮೇಲೆ ಮಾಡ್ತೀನಿ ಎಂದು ಜಾರಿಕೊಂಡರು. ಮೂರನೆಯವನು ಬ್ಯಾಂಕಿನಲ್ಲಿರುವ ಅಸ್ಕತ್, ಅವನೂ ಮಳೆ ಬೆಳೆ ಮಾತಾಡತೊಡಗಿದ. ಎಜೆ ಇದ್ದಕ್ಕಿದ್ದಂತೆ, "ಅಸ್ಕತ್, ಸುಯುಂಚು ಕೊಡ್ತೀನಿ, ಕೆಟ್ಟ ಸುದ್ದಿ ಹೇಳು," ಎಂದರು.

ಅವನು ನಕ್ಕುಬಿಟ್ಟ. ಕೆಟ್ಟದ್ದಕ್ಕೆ ಯಾರಾದರೂ ಸುಯುಂಚು ಕೊಡುತ್ತಾರೆಯೇ ಎಂದ.

"ನಾನು ಕೊಡ್ತೀನಿ. ಕಾಲುಚೀಲ. ಕೆಂಪು ಬೇಕೋ ಬೂದು ಬೇಕೋ?"

"ಬೂದು ಇರ್ಲಿ," ಎಂದ ಅಸ್ಕತ್. "ನಾಲ್ಕು ಶಾಲೆ ಎಜೆ, ನಾಲ್ಕೂ ಇಲ್ಲ. ನಮ್ಮಪ್ಪ ಇವತ್ತಿಗೂ ನಾನೇ ಬೇಡ ಅಂದೆ ಅಂತ ಊರೆಲ್ಲ ಹೇಳ್ಕೊಂಡು ತಿರುಗ್ತಾರೆ. ನಾನೂ ಈಗೀಗ ಹಾಗೇ ನಂಬ್ಕೊಂಡಿದೀನಿ."

ಅಲ್ಲಿಂದ ದಾರಿ ತೆರೆಯಿತು, ಜಾರಿಕೊಂಡಿದ್ದ ಇಬ್ಬರಿಗೂ ಮತ್ತೆ ಫೋನು ಹೋಯಿತು. ಬುಧವಾರ ಆರು ಜನ, ಗುರುವಾರ ಏಳು ಜನ. ಎಲ್ಲರಿಗೂ ಅದೇ ಮಾತು, ಸುಯುಂಚು ಕೊಡುತ್ತೇನೆ, ಕೆಟ್ಟ ಸುದ್ದಿ ಹೇಳು. ಒಬ್ಬಳು ಹೇಳಿ ಮುಗಿಸಿ ಅಳತೊಡಗಿದಳು, ಐದು ವರ್ಷವಾಗಿತ್ತಂತೆ. ಇನ್ನೊಬ್ಬ, ಬಣ್ಣ ಕೇಳ್ತೀರಲ್ಲ, ಪಾದದ ಅಳತೆ ಕೇಳೋಲ್ವಾ ಎಂದ. ನಾನು ಮಗುವನ್ನು ಮೊಣಕಾಲ ಮೇಲೆ ಕುಣಿಸುತ್ತ ಖಾಲಿ ಜಾಗಗಳಲ್ಲಿ ಇಲ್ಲ, ಇಲ್ಲ, ಇಲ್ಲ ಎಂದು ಬರೆಯುತ್ತ ಹೋದೆ. ಬರೆದ ಒಂದೊಂದು ಇಲ್ಲಕ್ಕೂ ನನ್ನ ಕಡೆಯ ಕಾಳೊಂದು ಮೇಜು ದಾಟಿ ಆ ಕಡೆಗೆ ಹೋಗುತ್ತಿದ್ದದ್ದು ಕಣ್ಣಿಗೆ ಕಾಣುತ್ತಿತ್ತು. ಸಿಗಲಿ, ಇವರಿಗಾದರೂ ಸಿಕ್ಕಿರಲಿ ಎಂದು ಪ್ರತಿ ಸಲ ಬೇಡಿಕೊಂಡೆ. ಅವರ ಒಳಿತಿಗಲ್ಲ.

ಗುರುವಾರ ಮಧ್ಯಾಹ್ನದ ಕೊನೆಯ ಫೋನು ಬಾಕ್ತಿಗುಲ್‌ಗೆ. ನಾನಿಲ್ಲಿ ಕೂತಿರುವುದು ಅವಳಿಗೆ ಗೊತ್ತಿಲ್ಲ. ಸೆಜಿಮ್ ಎಲ್ಲಿ ಕೂಗಿಬಿಡುತ್ತಾಳೋ ಎಂದು ಅವಳ ಬಾಯಿಗೆ ರೊಟ್ಟಿಯ ಅಂಚು ಕೊಟ್ಟು ಎದೆಗೆ ಒತ್ತಿಕೊಂಡೆ. ಬಾಕ್ತಿಗುಲ್ ಕೆಂಪು ಎಂದಳು. ಆಮೇಲೆ, ಮೂರೂ ಕಡೆ ಇಲ್ಲ ಎಂದಳು. ಫ್ರಾನ್ಸಿನ ಶಾಲೆಯವರು ಮಾತ್ರ ಸಂದರ್ಶನಕ್ಕೆ ಕರೆದಿದ್ದರಂತೆ. ಅಲ್ಲಿ ಏನಾಯಿತು ಎಂದು ಎಜೆ ಕೇಳಿದರು.

"ನಿನ್ನ ಕೈಕೆಳಗೆ ಎಷ್ಟು ಜನ ಇದಾರೆ ಅಂದ್ರು. ಯಾರೂ ಇಲ್ಲ ಅಂದೆ. ಹಾಗಾದ್ರೆ ನೀನು ಯಾರನ್ನ ಕೆಲಸದಿಂದ ತೆಗೆದಿದೀಯ, ಯಾರನ್ನ ಉಳಿಸ್ಕೊಂಡಿದೀಯ ಅಂತ ಹೇಗೆ ಕೇಳೋದು ಅಂತ ನಕ್ಕರು. ಒಳ್ಳೆ ನಗುನೇ ಎಜೆ, ಕೆಟ್ಟ ನಗು ಅಲ್ಲ."

ಅವಳ ಮೇಜಿಗೂ ನನ್ನ ಮೇಜಿಗೂ ನಡುವೆ ಇರುವುದು ಒಂದು ಹೂಕುಂಡ. ಅವಳ ಕೆಲಸವೇ ನನ್ನ ಕೆಲಸ.

ಅದೇ ಸಂಜೆ ಮಕ್ಸಾತ್ ಬೈಕೆ ಫೋನು ಮಾಡಿ, ನಾಳೆ ಹನ್ನೆರಡು ಎಂದು ನೆನಪಿಸಿದರು. ತಮ್ಮ ಪಟ್ಟಿಯಲ್ಲಿ ಎರಡನೆಯ ಹೆಸರು ಬಾಕ್ತಿಗುಲ್‌ಳದು ಎಂದೂ ಸಹಜವಾಗಿ ಹೇಳಿದರು. ಹೂಂ ಎಂದು ಫೋನಿಟ್ಟೆ. ಅತ್ತೆ ಒಳಗಿನಿಂದ, ಸ್ಪೇನಿನಲ್ಲಿ ಕುದುರೆ ಮಾಂಸ ಸಿಗುತ್ತದೆಯೇ ಎಂದು ಕೇಳುತ್ತಿದ್ದರು.

ಶುಕ್ರವಾರ ಹತ್ತೂವರೆಗೆ ಎಜೆಯ ಮನೆ ಸೇರಿದೆ. ಹದಿನಾಲ್ವರಲ್ಲಿ ಒಬ್ಬ ಫೋನಿಗೆ ಸಿಕ್ಕಿರಲೇ ಇಲ್ಲ, ಉಳಿದ ಹದಿಮೂರು ಜನರ ಉತ್ತರವೂ ಇಲ್ಲ ಎಂದೇ. ಸಿಕ್ಕಿತು ಎಂದ ಏಳು ಜನರಲ್ಲಿ ಮೂವರಿಗೆ ಹಿಂದೆ ಒಮ್ಮೆಯೋ ಎರಡು ಸಲವೋ ಬಾಗಿಲು ಮುಚ್ಚಿತ್ತು. ಎಜೆ ಚೀಲ ಬಿಚ್ಚಿ ನಲವತ್ತೊಂದನ್ನೂ ಸುರಿದರು. ಫಲಿತಾಂಶ ತಿಳಿದ ಮೂವತ್ತರಲ್ಲಿ ಮೊದಲ ಸಲಕ್ಕೆ ಸೀಟು ಸಿಕ್ಕವರು ನಾಲ್ಕು ಎಂದು ತೋರಿಸಿ, ಒಂದೊಂದಾಗಿ ನನ್ನ ಕಡೆಗೆ ಇಟ್ಟರು. ಐದಾದ ಮೇಲೆ ಒಂದು ಕಾಳನ್ನು ಬೆರಳಲ್ಲಿ ಹಿಡಿದುಕೊಂಡು ಉಳಿದರು.

"ಐದೂವರೆ ಬರುತ್ತೆ. ಗಿರಣಿಯಲ್ಲಾಗಿದ್ರೆ ಅರ್ಧಾನ ಕೆಳಗೆ ಬಿಡ್ತಿದ್ದೆ."

"ಬಿಡಿ," ಎಂದೆ.

ಆ ಕಾಳು ಅವರ ಕಡೆಗೆ ಹೋಯಿತು. ನನ್ನ ಮುಂದೆ ಐದು. ಮೂರು ಶಾಲೆಗೆ ಹಾಕಿದರೆ ಮೂರು ಸಲ ಐದು ಅಲ್ಲವೇ, ಕೂಡಿದರೆ ಮತ್ತೆ ಹದಿನೈದರ ಹತ್ತಿರ ಬರುತ್ತದಲ್ಲ ಎಂದು ಕೇಳಿದೆ. ನನ್ನ ದನಿ ನನಗೇ ಅಂಗಡಿಯಲ್ಲಿ ಚೌಕಾಸಿ ಮಾಡುವವಳದಂತೆ ಕೇಳಿಸಿತು.

"ಮೂರು ತೋಳ ಬಂದ್ರೆ ಮೂರೂ ಬೇರೆ ಬೇರೆ ಕುರಿ ನೋಡಲ್ಲ ಮಗಳೇ. ಕುಂಟೋ ಕುರೀನ ಮೂರೂ ನೋಡ್ತವೆ."

ಕುಂಟು ಯಾವುದೆಂದು ಕೇಳಲಿಲ್ಲ. ನಿನ್ನೆ ಬಾಕ್ತಿಗುಲ್ ಹೇಳಿಯಾಗಿತ್ತು. ಎರಡನೆಯ ಪ್ರಶ್ನೆ ಕೇಳಿದೆ. ತಲಾಸ್‌ಗೆ ಹೋಗಿ, ಗೋದಾಮಿನಲ್ಲಿ ಕಾಳು ಆರಿಸುವ ಇಪ್ಪತ್ತಮೂರು ಹೆಂಗಸರ ಮೇಲೆ ಎರಡು ವರ್ಷ ಕೆಲಸ ಮಾಡಿ, ಆಮೇಲೆ ಅರ್ಜಿ ಹಾಕಿದರೆ ಎಷ್ಟು ಕಾಳು? ಎಜೆ ಪುಸ್ತಕ ಮುಚ್ಚಿದರು. ಒಮ್ಮೆ ತಿರಸ್ಕಾರವಾದ ಮೇಲೆ ಮತ್ತೆ ಹಾಕಿದವರು ಐದು ಜನ, ಅದರಲ್ಲಿ ಸಿಕ್ಕಿದ್ದು ಮೂವರಿಗೆ, ಆ ಮೂವರೂ ನಡುವೆ ಕೆಲಸ ಬದಲಿಸಿದ್ದರು ಎಂದರು. ನನ್ನ ಮುಖ ಅರಳಿದ್ದು ಕಂಡಿರಬೇಕು, ಕೂಡಲೇ ತಡೆದರು.

"ಐದು ಜನ ಅಂದ್ರೆ ಅದು ಲೆಕ್ಕ ಅಲ್ಲ, ಪಿಸುಮಾತು. ತಲಾಸಿಂದ ಹೋದೋರು ಒಬ್ಬರೂ ಇಲ್ಲ ನನ್ನ ಹತ್ರ. ನಂಗೆ ಗೊತ್ತಿಲ್ಲ. ಗೊತ್ತಿಲ್ಲ ಅನ್ನೋದನ್ನ ಮೊನ್ನೆನೇ ಹೇಳಬೇಕಿತ್ತು ನಾನು."

ಹನ್ನೊಂದೂಕಾಲು. ಉಲಾನ್‌ಗೆ ಫೋನು ಮಾಡಿದೆ. ಅವನು ಕಂಬವೋ ಏಣಿಯೋ ಯಾವುದರ ಮೇಲೋ ಇದ್ದ, ಗಾಳಿಯ ಸದ್ದು. ಐದು ಎಂದೆ. ಕಣಿವೆ ದಾರಿ ಜನವರಿಯಲ್ಲಿ ಹಿಮಕ್ಕೆ ಎಷ್ಟು ದಿನ ಮುಚ್ಚಿರುತ್ತದೋ ನೋಡಬೇಕು, ತಿಂಗಳಿಗೆರಡು ಸಲ ಬರುತ್ತೇನೆ ಎಂದ. ಮಗು ನನ್ನ ಜೊತೆ ಇರಬೇಕು ಎಂದೆ. ಇನ್ನೆಲ್ಲಿರುತ್ತಾಳೆ ಎಂದ. ನಾನು ಕೇಳದ ಪ್ರಶ್ನೆಗೆಲ್ಲ ಅವನು ಹೀಗೇ ಉತ್ತರ ಕೊಡುವುದು.

ಆದರೂ ಮಕ್ಸಾತ್ ಬೈಕೆಗೆ ಫೋನು ಮಾಡಲು ಬೆರಳು ಏಳಲಿಲ್ಲ. ಐದೆಂದರೆ ಸೊನ್ನೆಯಲ್ಲ. ನಲವತ್ತೊಂದು ಚೋಲ್ಪೋನ್‌ಗಳಲ್ಲಿ ಐದು ಜನ ಈ ಹೊತ್ತಿಗೆ ಬೇಡ ಎಂದು ಹೇಳಿ, ಬೇಸಿಗೆಯಲ್ಲಿ ಸಮುದ್ರದ ದಡದ ಊರಿಗೆ ಸೂಟ್‌ಕೇಸ್ ಕಟ್ಟುತ್ತಾರೆ. ಅವರ ಸೆಜಿಮ್‌ಗಳು ಬೇರೆ ಭಾಷೆಯಲ್ಲಿ ನೀರು ಕೇಳುತ್ತಾರೆ. ಆ ಐದರಲ್ಲಿ ನಾನಿಲ್ಲ ಎಂದು ಯಾರು ಹೇಳಿದರು? ಹಾಗೆಯೇ ಉಳಿದ ಮೂವತ್ತಾರು ಜನ ಏಪ್ರಿಲ್‌ನಲ್ಲಿ ಅದೇ ಹೂಕುಂಡದ ಪಕ್ಕ ಕೂತು, ತಲಾಸ್‌ನಿಂದ ಬಾಕ್ತಿಗುಲ್ ಕಳಿಸಿದ ಪಟ್ಟಿಗಳಿಗೆ ಮುದ್ರೆ ಒತ್ತುತ್ತಾರೆ. ಅವರೂ ನಾನೇ. ಮುಂದಿನ ವರ್ಷ ಅರ್ಜಿ ಹಾಕುವಾಗ ಅವರ ಕೈಕೆಳಗೆ ಆಗಲೂ ಯಾರೂ ಇರುವುದಿಲ್ಲ.

ಎಜೆ ಸೆಜಿಮ್‌ಳನ್ನು ಎತ್ತಿಕೊಂಡು ಕಿಟಕಿಯ ಬಳಿ ನಿಂತರು, ನನಗೆ ಬೆನ್ನು ಮಾಡಿ. ಹನ್ನೊಂದು ನಲವತ್ತಕ್ಕೆ ಮಕ್ಸಾತ್ ಬೈಕೆಗೆ ಫೋನು ಮಾಡಿದೆ. ಬರುತ್ತೇನೆ, ಆದರೆ ಮನೆ ಗೋದಾಮಿನ ಹತ್ತಿರ ಇರಬೇಕು, ಒಲೆ ಬೆಚ್ಚಗಿರಬೇಕು, ಮಗುವನ್ನು ನೋಡಿಕೊಳ್ಳುವವರು ಸಿಗುವವರೆಗೆ ಅವಳು ನನ್ನ ಕೋಣೆಯಲ್ಲೇ ಇರುತ್ತಾಳೆ ಎಂದೆ. ಇಷ್ಟೇನಾ ಎಂದರು. ಇನ್ನೊಂದಿದೆ ಎಂದೆ. ನನ್ನ ಮೇಜಿನ ಕೆಲಸದ ಜೊತೆಗೆ ಇಬ್ಬರು ಸಹಾಯಕರನ್ನೂ ಬಾಕ್ತಿಗುಲ್‌ಗೆ ಕೊಡಿ. ಅವರು ಯೋಚಿಸುತ್ತೇನೆ ಎಂದರು, ಅವರ ಯೋಚಿಸುತ್ತೇನೆ ಸಾಮಾನ್ಯವಾಗಿ ಹೌದು.

ಫೋನಿಟ್ಟು, ನನ್ನ ಮುಂದಿದ್ದ ಐದು ಕಾಳನ್ನೂ ಚೀಲಕ್ಕೆ ಹಾಕಿದೆ.

ಎಜೆ ಬಂದು ಕೂತು, ಮಗುವನ್ನು ನನ್ನ ಮಡಿಲಿಗೆ ಹಾಕಿ ಪುಸ್ತಕವನ್ನು ಮತ್ತೆ ತೆರೆದರು. ನನ್ನ ಹೆಸರಿನ ಸಾಲಿನಲ್ಲಿ ಕೊನೆಯ ಅಂಕಣಕ್ಕೆ ಬಂದು ಪೆನ್ನು ನಿಂತಿತು. ಸಿಕ್ಕಿತು ಎನ್ನುವಂತಿಲ್ಲ, ಇಲ್ಲ ಎನ್ನುವಂತೆಯೂ ಇಲ್ಲ. ಅವರು ಹಾಳೆಗಳನ್ನು ಹಿಂದಕ್ಕೆ ತಿರುವಿದರು, ಇನ್ನೂ ಹಿಂದಕ್ಕೆ.

"ಇಷ್ಟು ವರ್ಷದಲ್ಲಿ ಎಷ್ಟೋ ಜನಕ್ಕೆ ಮೂರು ಕಾಳು, ನಾಲ್ಕು ಕಾಳು ಅಂತ ಹೇಳಿ ಕಳಿಸಿದೀನಿ. ಅವರು ಅರ್ಜಿ ಹಾಕಿದ್ರೋ, ನನ್ನ ಮಾತು ಕೇಳಿ ಮಡಿಸಿಟ್ರೋ? ಅದನ್ನೂ ಕೇಳಿಲ್ಲ ನಾನು."

ಉಳಿದ ನಲವತ್ತೇಳು ಜನಕ್ಕೆ ಫೋನು ಮಾಡುವಾಗ ಅದನ್ನೂ ಕೇಳಬೇಕು ಎಂದುಕೊಂಡರು. ಜನವರಿಯಿಡೀ ಹಿಡಿಯುತ್ತದೆ ಎಂದು ಬೆರಳು ಮಡಿಸಿದರು, ನೂಲು ಸಾಲದು, ಬೂದು ಬಣ್ಣದ್ದು ಮೊದಲೇ ಇಲ್ಲ. ಆಮೇಲೆ ಅಳತೆಪಟ್ಟಿ ಇಟ್ಟು, ಪುಟದ ಬಲಗಡೆ ಉಳಿದಿದ್ದ ಒಂದು ಬೆರಳಿನಷ್ಟು ಜಾಗದಲ್ಲಿ ಮೇಲಿನಿಂದ ಕೆಳಕ್ಕೆ ಹೊಸ ಗೆರೆ ಎಳೆದರು. ಆ ಹೊಸ ಅಂಕಣದ ತಲೆಯಲ್ಲಿ, ಕಳಿಸಲಿಲ್ಲ ಎಂದು ಬರೆದರು. ಪೆನ್ನನ್ನು ನನ್ನ ಕೈಗೆ ಕೊಟ್ಟರು.

ನನ್ನ ಸಾಲಿನಲ್ಲಿ ಗುರುತು ಹಾಕಿದೆ. ತಾರೀಖೂ ಬರೆ ಎಂದರು, ಬರೆದೆ. ಎಷ್ಟು ಕಾಳಿಗೆ ಕಳಿಸಲಿಲ್ಲ ಎಂದೂ ಬರೆ ಎಂದರು. ಐದು ಎಂದು ಬರೆದೆ.

ಮನೆಗೆ ಹೋಗಿ ಅತ್ತೆಗೆ ಹೇಳುವುದು ಬಾಕಿಯಿತ್ತು, ಅವರ ತಂಗಿಗೆ ನಾನೇ ಫೋನು ಮಾಡಿ ಹೇಳುವುದೂ. ಸೆಜಿಮ್‌ಗೆ ಟೋಪಿ ಕಟ್ಟಿ, ಹಿಮಗಾಡಿಯ ಹಗ್ಗ ಹಿಡಿದು ಇಳಿದೆ. ಮೊದಲ ಮಹಡಿಯ ತಿರುವಿನಲ್ಲಿ ಒಬ್ಬ ಹೆಂಗಸು ಏರುತ್ತಿದ್ದಳು, ಕೆನ್ನೆ ಚಳಿಗೆ ಕೆಂಪಾಗಿತ್ತು. ಕಾಳಿನವರ ಮನೆ ಇದೇನಾ ಎಂದಳು. ಹಸುವಿಗೋ ಸೀಟಿಗೋ ಎಂದು ಕೇಳಿದೆ. ಸೀಟಿಗೆ ಎಂದಳು. ಐದನೆಯ ಮಹಡಿ, ಸಿಗದಿದ್ದರೂ ಬಂದು ಹೇಳಬೇಕು, ನೆನಪಿರಲಿ ಎಂದು ಹೇಳಿ ನಾನು ಕೆಳಗಿಳಿದೆ.